ಎಸರಿಡುವ ಕೂಗು

ಮೈಸೂರು
೧೯ ಫೆಬ್ರವರಿ ೧೯೮೪

ಪ್ರೀತಿಯ ಅಕ್ಕ,

ಕಾಗದ ಬರೆದು ತಿಂಗಳುಗಳಾದವೆಂದು ನೀನು ಬೈಯಲು ಬಾಯಿ ತೆರೆಯುವ ಮೊದಲೇ ಸುದ್ದಿ ಹೇಳಿಬಿಡುತ್ತೇನೆ. ಕೇಳಿದ ಮೇಲೆ ಬೈಯಲು ನಿನಗೆ ಮನಸ್ಸು ಬರುವುದಿಲ್ಲ. ಅಪ್ಪನ ಎಂಜಿನ್ ಮತ್ತೆ ಓಡಲಿದೆ!

ನಮ್ಮ ವರ್ಕ್‌ಶಾಪಿನ ಬಾಗಿಲಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ್ದಾರಲ್ಲ, ಅದೇ. ಡೀಸೆಲ್ ಬಂದ ಮೇಲೆ ಅದಕ್ಕೆ ಬಣ್ಣ ಬಳಿದು, ಸುತ್ತ ಕ್ರೋಟನ್ ಗಿಡ ನೆಟ್ಟು, ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ವಸ್ತು ಮಾಡಿಟ್ಟಿದ್ದರು. ಹೊಗೆಗೂಡಿನಲ್ಲಿ ಗುಬ್ಬಚ್ಚಿಗಳ ಸಂಸಾರ. ಡ್ಯೂಟಿಗೆ ಹೋಗುವಾಗ ದಿನವೂ ಅದರ ಮುಖ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಅಪ್ಪ ಎಷ್ಟು ವರ್ಷ ಓಡಿಸಿದ ಎಂಜಿನ್ ಅದು, ನಿನಗೇ ಗೊತ್ತು.

ಈಗ ಮೇಲಿನವರಿಗೆ ಒಳ್ಳೆಯ ಬುದ್ಧಿ ಬಂದಿದೆ. ಉಗಿ ಎಂಜಿನ್ ಒಂದನ್ನಾದರೂ ಓಡುವ ಸ್ಥಿತಿಯಲ್ಲಿ ಉಳಿಸಬೇಕಂತೆ. ಭಾನುವಾರಗಳಂದು ಯಶವಂತಪುರದಿಂದ ನಿಡವಂದಕ್ಕೆ ವಿಹಾರದ ಗಾಡಿ, ಶಿವಗಂಗೆ ಬೆಟ್ಟ ನೋಡುವವರಿಗೆ. ಬೆಳಿಗ್ಗೆ ಹೋಗಿ ಸಂಜೆ ವಾಪಸು. ಅಂದರೆ ನಮ್ಮ ಮನೆಯ ಪಕ್ಕದ ಗೇಟನ್ನೇ ದಾಟಿ ಹೋಗುತ್ತದೆ ಅಕ್ಕ! ರಿಪೇರಿಯ ತಂಡಕ್ಕೆ ಫೋರ್‌ಮನ್ ಶ್ಯಾಮಣ್ಣನವರು ನನ್ನ ಹೆಸರನ್ನೂ ಹಾಕಿದ್ದಾರೆ.

ಒಂದು ಕೆಲಸ ಮಾಡು. ಅಪ್ಪ ಮನೆಗೆ ಬರುವಾಗ ಗೇಟಿನ ಹತ್ತಿರ ಒಂದು ಥರ ಕೂಗಿಸುತ್ತಿದ್ದರಲ್ಲ, ಅದು ಹೇಗೆ ಎಂದು ಅಮ್ಮನನ್ನು ಕೇಳಿ ಬರೆ. ನನಗೆ ಅರ್ಧಂಬರ್ಧ ನೆನಪು. ಅಮ್ಮನ ಆರೋಗ್ಯ ಹೇಗಿದೆ? ಭಾವನಿಗೆ ಈಗ ಯಾವ ಶಿಫ್ಟು?

ನಿನ್ನ ತಮ್ಮ,
ರಾಮಪ್ರಸಾದ


ಚಿಕ್ಕಬಾಣಾವರ
೧೧ ಮಾರ್ಚ್ ೧೯೮೪

ಚಿ. ಪ್ರಸಾದುವಿಗೆ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯುವುದು ವಾಡಿಕೆ. ಈ ಸಲ ಬರೆಯುವುದಿಲ್ಲ.

ನೀನು ನವರಾತ್ರಿಗೆ ಬಂದಾಗ ಅಮ್ಮ ಒಂದೇ ಮಾತನ್ನು ಎರಡು ಸಲ ಕೇಳುತ್ತಿದ್ದಳು, ನೀನು ನಕ್ಕು ಸುಮ್ಮನಾದೆ. ಈಗ ನಾನು ಯಾರೆಂದೇ ಅವಳಿಗೆ ತಿಳಿಯುವುದಿಲ್ಲ. ನನ್ನನ್ನು ರಾಮಕ್ಕ ಎನ್ನುತ್ತಾಳೆ. ತೀರಿಹೋದ ದೊಡ್ಡಮ್ಮನ ಹೆಸರು. ಮೊದಮೊದಲು ತಿದ್ದುತ್ತಿದ್ದೆ, ಈಗ ಓಗೊಡುತ್ತೇನೆ. ಹಾಲನ್ನು ಒಲೆಯ ಮೇಲಿಟ್ಟು ಮರೆಯುತ್ತಾಳೆ. ಮೊನ್ನೆ ಅಂಗಡಿಗೆ ಹೋದವಳು ಪಕ್ಕದ ಮನೆ ಅನುಸೂಯಮ್ಮನನ್ನು ನಿಲ್ಲಿಸಿ, "ಡ್ರೈವರ್ ವೆಂಕಟಸುಬ್ಬಯ್ಯನೋರ ಮನೆ ಯಾವ ಕಡೆ?" ಎಂದು ಕೇಳಿದಳಂತೆ. ಆಕೆ ಕೈಹಿಡಿದು ಕರೆತಂದರು. ನಿಮ್ಮ ಭಾವನ ಕಾರ್ಖಾನೆಯ ಡಾಕ್ಟರಿಗೆ ತೋರಿಸಿದೆವು. ಇದಕ್ಕೆ ಔಷಧಿ ಇಲ್ಲ, ಒಬ್ಬರು ಜೊತೆಗಿರಿ ಎಂದರು. ಆ ಒಬ್ಬರು ನಾನೇ. ನಿಮ್ಮ ಭಾವ ಪೀಣ್ಯದಿಂದ ದಣಿದು ಬರುತ್ತಾರೆ, ಅವರನ್ನು ಏನೆಂದು ಕೇಳಲಿ?

ಅಪ್ಪನ ಕೂಗಿನ ವಿಷಯ. ಅಮ್ಮನನ್ನು ಕೇಳಬೇಕಿಲ್ಲ, ನನಗೇ ನೆನಪಿದೆ. ಗೇಟು ಬರುವ ಮೊದಲು ಎರಡು ಗಿಡ್ಡ ಕೂಗು, ಆಮೇಲೆ ಒಂದು ಉದ್ದದ ಕೂಗು, ಕೊನೆಗೆ ಸ್ವಲ್ಪ ತಗ್ಗಿಸಿ ಬಿಡುತ್ತಿದ್ದರು. ಅದು ಕೇಳಿದ ಕೂಡಲೇ ಅಮ್ಮ ಅನ್ನಕ್ಕೆ ಎಸರಿಡುತ್ತಿದ್ದಳು. ಅಪ್ಪ ಯಶವಂತಪುರದ ಷೆಡ್ಡಿನಲ್ಲಿ ಎಂಜಿನ್ ಒಪ್ಪಿಸಿ ಸೈಕಲ್ಲಿನಲ್ಲಿ ಮನೆಗೆ ಬರುವುದಕ್ಕೂ ಅನ್ನ ಬಸಿಯುವುದಕ್ಕೂ ಸರಿಹೋಗುತ್ತಿತ್ತು. ಲೈನಿನವರ ಮನೆಗಳಲ್ಲೆಲ್ಲ ಹೀಗೇ ಒಂದೊಂದು ಕೂಗು ಇತ್ತು, ಒಬ್ಬರ ಕೂಗಿಗೆ ಇನ್ನೊಬ್ಬರ ಮನೆಯ ಒಲೆ ಉರಿಯುತ್ತಿರಲಿಲ್ಲ.

ನೀನು ಒಮ್ಮೆ ಬಂದು ಅಮ್ಮನನ್ನು ನೋಡಿ ಹೋಗು. ಎಂಜಿನ್ ಎಲ್ಲಿಗೂ ಓಡಿಹೋಗುವುದಿಲ್ಲ.

ಪಂಕಜಾ


ಮೈಸೂರು
೧೭ ಜೂನ್ ೧೯೮೪

ಅಕ್ಕ,

ಬರಲಾಗಲಿಲ್ಲ, ಕ್ಷಮಿಸು. ಭಾನುವಾರಗಳೂ ಕೆಲಸಕ್ಕೇ ಹೋದವು. ಬಾಯ್ಲರಿನ ಕೊಳವೆಗಳನ್ನೆಲ್ಲ ಕಿತ್ತು ಹೊಸದು ಹಾಕಿದೆವು. ಸಿಗದ ಭಾಗಗಳನ್ನು ಇಲ್ಲೇ ಎರಕ ಹೊಯ್ದು ಕಡೆದೆವು. ಗುಬ್ಬಚ್ಚಿಯ ಗೂಡನ್ನು ಶ್ಯಾಮಣ್ಣನವರೇ ಎತ್ತಿ ಹೊಂಗೆಮರದ ಮೇಲಿಟ್ಟರು. ನೀರು ತುಂಬಿಸಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿದೆವು. ಒಂದು ಹನಿ ಸೋರಲಿಲ್ಲ ಅಕ್ಕ!

ಮೊನ್ನೆ ಮೊದಲ ಸಲ ಬೆಂಕಿ ಹಾಕಿದೆವು. ತೆಂಗಿನಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಹೊರಡಿಸಿದಾಗ ಎಲ್ಲ ಷಾಪಿನವರೂ ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಓಡಿಬಂದರು. ಯಾವತ್ತೂ ನಗದ ಶ್ಯಾಮಣ್ಣನವರು ಕಣ್ಣೊರೆಸಿಕೊಂಡು, "ಹೊಗೆ ಕಣ್ರೀ, ಹೊಗೆ," ಎಂದರು. ಹೊಗೆ ಹೋಗುತ್ತಿದ್ದದ್ದು ಆಚೆ ಕಡೆಗೆ.

ಡ್ರೈವರ್ ಯಾರು ಗೊತ್ತೆ? ಹನುಮಯ್ಯ. ಅಪ್ಪನ ಹತ್ತಿರ ಫೈರ್‌ಮನ್ ಆಗಿ ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದವನು, ಅಪ್ಪ ಅರಸೀಕೆರೆಯಲ್ಲಿ ಕೊನೆಯುಸಿರೆಳೆದಾಗ ಪಕ್ಕದಲ್ಲಿದ್ದವನು. ನೀನು ಬರೆದ ಕೂಗನ್ನು ಹೇಳಿಕೊಡಲು ಹೋದರೆ, "ನಂಗೆ ಹೇಳ್ಕೊಡ್ತೀರಾ ಚಿಕ್ಕಯಜಮಾನ್ರೇ?" ಎಂದು ಹಗ್ಗ ಎಳೆದು ಕೂಗಿಸಿಯೇಬಿಟ್ಟ.

ಜುಲೈ ಮೊದಲ ಭಾನುವಾರ ಮೊದಲ ಓಟ. ಸಂಜೆ ವಾಪಸು ಬರುವಾಗ ಹನುಮಯ್ಯ ನಮ್ಮ ಗೇಟಿನಲ್ಲಿ ಅಪ್ಪನ ಹಾಗೆಯೇ ಕೂಗಿಸುತ್ತಾನೆ. ಅಮ್ಮನಿಗೆ ಮುಂಚೆ ಏನೂ ಹೇಳಬೇಡ. ಜಗಲಿಯ ಮೇಲೆ ಕೂರಿಸು. ಆ ಕೂಗು ಕೇಳಿದರೆ ಮರೆತದ್ದೆಲ್ಲ ನೆನಪಾದೀತು, ಯಾರು ಕಂಡರು.

ತುಂಬ ಖುಷಿಯಲ್ಲಿರುವ
ಪ್ರಸಾದು


ಚಿಕ್ಕಬಾಣಾವರ
೩ ಜುಲೈ ೧೯೮೪

ಪ್ರಸಾದು,

ನೀನು ಹೇಳಿದಂತೆಯೇ ಮಾಡಿದೆ. ಅಮ್ಮನನ್ನು ಜಗಲಿಯ ಮೇಲೆ ಕೂರಿಸಿ ತಲೆ ಬಾಚುತ್ತಿದ್ದೆ. ದೂರದಲ್ಲಿ ಕೂಗಿತು. ಹನುಮಯ್ಯ ಕೂದಲೆಳೆಯಷ್ಟೂ ತಪ್ಪಲಿಲ್ಲ. ಪೀಣ್ಯದ ಸೈರನ್ನುಗಳಿಗೆ, ಡೀಸೆಲ್ ಗಾಡಿಗಳಿಗೆ ತಿರುಗಿಯೂ ನೋಡದವಳು, ನನ್ನ ಕೈಯಿಂದ ಕೂದಲು ಬಿಡಿಸಿಕೊಂಡು ಎದ್ದಳು.

"ಪಂಕಜಾ, ನಾನು ಎಸರಿಡ್ತೀನಿ. ನೀನು ಬಚ್ಚಲೊಲೆಗೆ ಎರಡು ಸೌದೆ ಹಾಕು. ನಿಮ್ಮಪ್ಪನ ಮೈಯೆಲ್ಲ ಮಸಿಯಾಗಿರತ್ತೆ."

ಪಂಕಜಾ ಎಂದಳು ಕಣೋ. ಇಷ್ಟು ತಿಂಗಳ ಮೇಲೆ ನನ್ನ ಹೆಸರು. ಅಕ್ಕಿ ಅಳೆದಳು, ಕಲ್ಲು ಆರಿಸಿದಳು, ಸಾರಿಗೆ ಹುಣಿಸೆಹಣ್ಣು ಕಿವುಚಿದಳು. ಎಲ್ಲಿಯೂ ತಡವರಿಸಲಿಲ್ಲ. ನನ್ನ ಸೆರಗು ಒಲೆಗೆ ತಾಗುತ್ತದೆಂದು ಗದರಿದಳು. ಆಮೇಲೆ ಕನ್ನಡಿಯ ಮುಂದೆ ನಿಂತು, "ಕುಂಕುಮದ ಭರಣಿ ಎಲ್ಲಿಟ್ಟಿದೀಯೆ?" ಎಂದಳು. ನಾನೇನು ಮಾಡಲಿ? ಕೊಟ್ಟೆ. ಎಂಟು ವರ್ಷದ ಮೇಲೆ ಅವಳ ಹಣೆಯ ಮೇಲೆ ಕುಂಕುಮ ನೋಡಿದೆ. ಒಂದು ಗಂಟೆ ನಮ್ಮ ಅಮ್ಮ ವಾಪಸು ಬಂದಿದ್ದಳು, ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು.

ಆಮೇಲೆ ಕಾಯತೊಡಗಿದಳು. ತಟ್ಟೆ ಹಾಕಿ ಮುಚ್ಚಿಟ್ಟು, ಬಾಗಿಲಿಗೂ ಒಲೆಗೂ ಓಡಾಡಿದಳು. "ಸೈಕಲ್ ಪಂಚರ್ ಆಯ್ತೇನೋ, ನೋಡ್ಕೊಂಡು ಬಾ," ಎಂದಳು. ತಾನೂ ಉಣ್ಣಲಿಲ್ಲ, ನಿಮ್ಮ ಭಾವನಿಗೂ ಬಡಿಸಗೊಡಲಿಲ್ಲ. ನನಗೆ ತಡೆಯಲಾಗದೆ ನಿಜ ಹೇಳಿದೆ. ಅಪ್ಪ ಹೋಗಿ ಎಂಟು ವರ್ಷವಾಯಿತಮ್ಮ ಎಂದೆ.

"ಯಾವಾಗ? ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದು ಕೇಳಿದಳು. ಆಮೇಲೆ ಅತ್ತಳು. ಅವತ್ತು ಲಾರಿಯಿಂದ ಅಪ್ಪನನ್ನು ಇಳಿಸಿದಾಗ ಹೇಗೆ ಅತ್ತಿದ್ದಳೋ ಹಾಗೆಯೇ, ಅದೇ ಮಾತುಗಳನ್ನು ಆಡಿಕೊಂಡು. ಅದನ್ನು ಒಂದು ಸಲ ನೋಡಿದ್ದೇ ನನಗೆ ಸಾಕಾಗಿತ್ತು. ಬೆಳಿಗ್ಗೆ ಎಲ್ಲ ಮರೆತಿತ್ತು. ಊದಿದ ಕಣ್ಣುಗಳನ್ನು ಮುಟ್ಟಿಕೊಂಡು, "ನನ್ನ ಕಣ್ಣಿಗೇನಾಗಿದೆ ರಾಮಕ್ಕಾ?" ಎಂದು ಕೇಳಿದಳು.

ಬರುವ ಭಾನುವಾರ ಕೂಗಿಸಬೇಡ ಎಂದು ಹೇಳು. ನಿನ್ನ ದಮ್ಮಯ್ಯ.

ಅಕ್ಕ


ಮೈಸೂರು
೯ ಜುಲೈ ೧೯೮೪

ಅಕ್ಕ,

ನಿನ್ನ ಕಾಗದ ಇವತ್ತು ಕೈಗೆ ಬಂತು. ನಿನ್ನೆಯ ಗಾಡಿ ಹೋಗಿ ಆಗಿದೆ. ನಿನ್ನೆಯೂ ಅವಳು ಎಸರಿಟ್ಟಿರುತ್ತಾಳೆ, ನಿನ್ನೆಯೂ ಅತ್ತಿರುತ್ತಾಳೆ.

ಹನುಮಯ್ಯನಿಗೆ ಹೇಳಿ ಕಳಿಸಿದ್ದೇನೆ. ಗೇಟಿನಲ್ಲಿ ಕೂಗಿಸದೆ ಹೋಗುವಂತಿಲ್ಲ, ಅದು ಕಾನೂನು. ಆದರೆ ಎಲ್ಲರ ಹಾಗೆ ಒಂದೇ ಉದ್ದದ ಕೂಗು ಹಾಕುತ್ತಾನೆ. ಅಪ್ಪನ ಕೂಗು ಇನ್ನು ಇರುವುದಿಲ್ಲ.

ನಾನು ಒಳ್ಳೆಯದಾಗಲೆಂದು ಮಾಡಿದೆ. ಅಷ್ಟು ಮಾತ್ರ ನಂಬು.

ಪ್ರಸಾದು


ಚಿಕ್ಕಬಾಣಾವರ
೧೭ ಜುಲೈ ೧೯೮೪

ಪ್ರಸಾದು,

ನಂಬಿದ್ದೇನೆ. ನಿನ್ನನ್ನು ಬೈಯುವ ಶಕ್ತಿಯೂ ನನಗಿಲ್ಲ.

ಈ ಭಾನುವಾರ ಹನುಮಯ್ಯ ನೀನು ಹೇಳಿದಂತೆ ಸಾದಾ ಕೂಗು ಹಾಕಿದ. ಅಮ್ಮ ಕಿವಿಗೊಟ್ಟು ಕೇಳಿದಳು. ಎಂಜಿನ್ನಿನ ಗಂಟಲು ಅವಳಿಗೆ ಗೊತ್ತಲ್ಲ. "ಗಾಡಿ ಅವರದು. ಕೈ ಅವರದಲ್ಲ," ಎಂದಳು. "ಅವರಿಗೇನಾಯ್ತು? ಅವರ ಗಾಡೀನ ಇನ್ಯಾರು ಓಡಿಸ್ತಿದಾರೆ?" ಎಂದು ಹೊರಗೆ ಓಡಿದಳು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಗೇಟಿನ ಹತ್ತಿರ ಇದ್ದಳು. ಇಳಿಸಿದ್ದ ಅಡ್ಡಗಂಬದ ಕೆಳಗೆ ಬಗ್ಗಿ ನುಸುಳಿದ್ದಳು. ಗೇಟ್‌ಮನ್ ಚಿಕ್ಕಬೈರಪ್ಪ ಬಾವುಟ ಬಿಸಾಕಿ ಹಿಂದಿನಿಂದ ತಬ್ಬಿ ಹಿಡಿದುಕೊಂಡ. "ಅಮ್ಮಾ, ಓಗ್‌ಬ್ಯಾಡಿ, ಗಾಡಿ ಬತ್ತಾ ಐತೆ ಕಣವ್ವಾ!" ಎಂದು ಅವನು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಗಾಡಿ ಅವರಿಬ್ಬರ ಮುಂದೆಯೇ ಹಾದುಹೋಯಿತು. ಗಾಳಿಗೆ ಅಮ್ಮನ ಸೆರಗು ಹಾರುತ್ತಿತ್ತು.

ಮನೆಗೆ ಕರೆತಂದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ. "ಅಪ್ಪನಿಗೆ ಡಬಲ್ ಡ್ಯೂಟಿ ಬಿದ್ದಿದೆಯಮ್ಮ, ಮುಂದಕ್ಕೆ ಕಳಿಸಿದಾರೆ," ಎಂದುಬಿಟ್ಟೆ. ಆ ಮಾತು ಕೇಳಿದ್ದೇ ತಡ, ಅವಳ ಮುಖ ತಿಳಿಯಾಯಿತು. ಡ್ರೈವರನ ಹೆಂಡತಿಗೆ ಡಬಲ್ ಡ್ಯೂಟಿ ಹೊಸದಲ್ಲವಲ್ಲ. ಜೀವನವೆಲ್ಲ ಅದನ್ನು ಕೇಳಿ ಬೈದುಕೊಂಡು ಕಾದವಳು. "ಹಾಳಾದ ಡ್ಯೂಟಿ," ಎಂದು ಗೊಣಗಿ ಉಂಡು ಮಲಗಿದಳು.

ಆದ್ದರಿಂದ ಅಪ್ಪನ ಕೂಗನ್ನೇ ಕೂಗಿಸಲು ಹೇಳು. ಅದನ್ನು ಕೇಳಿದರೆ ಅವಳು ಒಲೆಯ ಹತ್ತಿರ ಇರುತ್ತಾಳೆ, ಹಳಿಯ ಹತ್ತಿರ ಹೋಗುವುದಿಲ್ಲ. ಆಮೇಲಿನದಕ್ಕೆ ನನ್ನ ಸುಳ್ಳು ಇದೆ. ನಿಲ್ಲಿಸು ಎಂದವಳೂ ನಾನೇ, ಕೂಗಿಸು ಎನ್ನುವವಳೂ ನಾನೇ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಅಕ್ಕ


ಮೈಸೂರು
೨೦ ಆಗಸ್ಟ್ ೧೯೮೪

ಅಕ್ಕ,

ನಿನ್ನೆ ಕಾಫಿಯನ್ನೂ ಕುಡಿಯದೆ ಹೊರಟುಬಂದೆನೆಂದು ನಿನಗೆ ಬೇಸರವಾಗಿರಬೇಕು. ನೀನು ಒಳಗಿದ್ದೆ. ಜಗಲಿಯಲ್ಲಿ ಏನು ನಡೆಯಿತೆಂದು ಎದುರಿಗೆ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಂಜಿನ್ನಿನಲ್ಲೇ ಬಂದು ಸ್ಟೇಷನ್ನಿನಲ್ಲಿ ಇಳಿದು ನಡೆದು ಬಂದೆ. ಮೈಮೇಲೆಲ್ಲ ಮಸಿ. ಅಮ್ಮ ನನ್ನನ್ನು ನೋಡಿ ಎದ್ದು ನಿಂತಳು. ಗುರುತು ಸಿಕ್ಕಿತೆಂದೇ ಅಂದುಕೊಂಡೆ. "ಬಾಪ್ಪ. ಡ್ರೈವರ್ ಎಲ್ಲಿ?" ಎಂದಳು. ಫೈರ್‌ಮನ್ ಎಂದುಕೊಂಡಿದ್ದಳು ಅಕ್ಕ, ಅಪ್ಪನ ಫೈರ್‌ಮನ್.

ಮುಂದಕ್ಕೆ ಹೋದರಮ್ಮ ಎಂದೆ. ನಿನ್ನ ಸುಳ್ಳೇ ನನಗೂ ಗತಿಯಾಯಿತು. "ಹಾಗಾದ್ರೆ ಅವರ ಊಟ ನೀನೇ ತಗೊಂಡ್ಹೋಗಪ್ಪ, ಹೋಟೆಲಿನದು ಅವರಿಗೆ ಆಗಲ್ಲ," ಎಂದು ಕ್ಯಾರಿಯರ್ ತಂದು ಕೈಗಿಟ್ಟಳು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ವಿಷಯ ಅವರ ಕಿವಿಗೆ ಹಾಕು. ಮೈಸೂರಲ್ಲಿರೋ ಮಗ ಮನೆ ಕಡೆ ಬರೋದೇ ಇಲ್ಲ. ನಾನು ಹೇಳಿದ್ರೆ ಬೇಜಾರು ಮಾಡ್ಕೋತಾನೆ. ಅವರು ಒಂದು ಮಾತು ಬರೆದ್ರೆ ಬರ್ತಾನೆ," ಎಂದಳು.

ಹೇಳುತ್ತೇನಮ್ಮ ಎಂದೆ. ಕ್ಯಾರಿಯರ್ ತೆಗೆದುಕೊಂಡು ಹೊರಟುಬಂದೆ. ಷೆಡ್ಡಿನಲ್ಲಿ ಹನುಮಯ್ಯ ಅದನ್ನು ಬಿಚ್ಚಿ ತಟ್ಟೆಗೆ ಹಾಕಿದ. ಅವನು ಉಂಡ. ನಾನು ಎದುರಿಗೆ ಕೂತಿದ್ದೆ.

ಪ್ರಸಾದು


ಚಿಕ್ಕಬಾಣಾವರ
೧೬ ಅಕ್ಟೋಬರ್ ೧೯೮೪

ಪ್ರಸಾದು,

ಕ್ಯಾರಿಯರ್ ಈಗ ಪ್ರತಿ ಭಾನುವಾರದ ಪರಿಪಾಠವಾಗಿದೆ. ಮೊದಲು ಅಪ್ಪನ ಕೂಗು ಕೇಳಿದ ಮೇಲೆ ಎಸರಿಡುತ್ತಿದ್ದವಳು, ಈಗ ಮಧ್ಯಾಹ್ನವೇ ಅಡುಗೆ ಮುಗಿಸಿ ತುಂಬಿಟ್ಟುಕೊಂಡಿರುತ್ತಾಳೆ. ನಾನು ಕೈ ಹಿಡಿದುಕೊಂಡು ಗೇಟಿಗೆ ಕರೆದೊಯ್ಯುತ್ತೇನೆ. ಹನುಮಯ್ಯ ನಿಧಾನ ಮಾಡುತ್ತಾನೆ, ಅವನ ಫೈರ್‌ಮನ್ ಕೈ ಚಾಚಿ ಎತ್ತಿಕೊಳ್ಳುತ್ತಾನೆ. ಮುಂದಿನ ಭಾನುವಾರ ಬೆಳಿಗ್ಗೆ ತೊಳೆದ ಕ್ಯಾರಿಯರನ್ನು ಚಿಕ್ಕಬೈರಪ್ಪನ ಕೈಗೆ ಕೊಟ್ಟು ಹೋಗುತ್ತಾರೆ.

ಗಾಡಿಯಲ್ಲಿ ಕೂತ ಜನ ಇದನ್ನು ಏನೆಂದುಕೊಂಡಿದ್ದಾರೆ ಗೊತ್ತೆ? ವಿಹಾರದ ಒಂದು ಭಾಗವೆಂದು. ಹಳೆಯ ಕಾಲದಲ್ಲಿ ಹೀಗಿತ್ತೆಂದು ತೋರಿಸಲು ರೈಲಿನವರೇ ಒಬ್ಬ ಮುದುಕಿಯನ್ನು ನಿಲ್ಲಿಸಿದ್ದಾರಂತೆ. ಕಿಟಕಿಯಿಂದ ತಲೆ ಹಾಕಿ ಚಪ್ಪಾಳೆ ತಟ್ಟುತ್ತಾರೆ, ಫೋಟೋ ಹೊಡೆಯುತ್ತಾರೆ. ಮೊನ್ನೆ ಒಬ್ಬ, "ಅಜ್ಜಿ, ಇನ್ನೊಂದ್ಸಲ ಕೊಡಿ, ಸರಿಯಾಗಿ ಬರ್ಲಿಲ್ಲ!" ಎಂದು ಕೂಗಿದ. ನನಗೆ ಕಲ್ಲೆತ್ತಿ ಬೀಸಬೇಕೆನ್ನಿಸಿತು. ಅಮ್ಮ ಅವರಿಗೆಲ್ಲ ಕೈ ಬೀಸುತ್ತಾಳೆ. ಅಪ್ಪನ ಗಾಡಿಗೆ ಎಷ್ಟು ಜನ ನೋಡು ಎಂದು ಹೆಮ್ಮೆ ಅವಳಿಗೆ.

ಅನುಸೂಯಮ್ಮ ಹಣೆಯ ಕುಂಕುಮ ನೋಡಿ ಮೊದಲು ಮುಖ ತಿರುಗಿಸುತ್ತಿದ್ದರು. ಹೋದ ವಾರ ಅವರೇ ಒಂದು ಮೊಳ ಹೂವು ತಂದು ಮುಡಿಸಿದರು.

ಸೋಮವಾರದಿಂದ ಶನಿವಾರದವರೆಗೆ ನಾನು ರಾಮಕ್ಕ. ಭಾನುವಾರ ಸಂಜೆ ಪಂಕಜಾ. ಆ ಒಂದು ಗಂಟೆಗೆ ನಾನೂ ಕಾಯುವವಳಾಗಿದ್ದೇನೆ. ಹೇಳಲು ನಾಚಿಕೆಯಾಗುತ್ತದೆ.

ಅಕ್ಕ


ಮೈಸೂರು
೨೨ ಜನವರಿ ೧೯೮೫

ಅಕ್ಕ,

ಎಷ್ಟು ಸಲ ಬರೆದು ಹರಿದೆನೋ. ಎಂಜಿನ್ನಿನ ಬೆಂಕಿ ಉರಿಯುವ ಫೈರ್‌ಬಾಕ್ಸಿನ ತಗಡಿನಲ್ಲಿ ಬಿರುಕು ಕಂಡಿದೆ. ಎಂಜಿನ್ನಿಗೆ ವಯಸ್ಸಾಯಿತು, ಯಾರ ತಪ್ಪೂ ಅಲ್ಲ. ಬೆಸುಗೆ ಹಾಕಿ ನೋಡಿದೆವು, ಪಕ್ಕದಲ್ಲೇ ಇನ್ನೊಂದು ಬಿಟ್ಟಿತು. ಹೊಸ ತಗಡು ಎಲ್ಲಿಯೂ ಸಿಗುವುದಿಲ್ಲ, ಮಾಡುವವರೂ ಇಲ್ಲ. ಜನರನ್ನು ಕೂರಿಸಿಕೊಂಡು ಇದನ್ನು ಓಡಿಸಲು ನಾನು ಸಹಿ ಹಾಕಲಾರೆ ಎಂದು ಶ್ಯಾಮಣ್ಣನವರು ಹೇಳಿದರು. ಅವರು ಹೇಳಿದ್ದು ಸರಿ. ನಾನೇ ಆಗಿದ್ದರೂ ಹಾಕುತ್ತಿರಲಿಲ್ಲ.

ಹೋದ ಭಾನುವಾರದ್ದೇ ಕೊನೆಯ ಓಟ. ಎಂಜಿನ್ನನ್ನು ಡೀಸೆಲ್ಲಿಗೆ ಕಟ್ಟಿ ಎಳೆದು ತರುತ್ತಿದ್ದಾರೆ. ಮತ್ತೆ ಅದೇ ಕಟ್ಟೆ, ಅದೇ ಕ್ರೋಟನ್ ಗಿಡ.

ಬರುವ ಭಾನುವಾರ ಅಮ್ಮನಿಗೆ ಏನು ಹೇಳುತ್ತೀಯೋ ನನಗೆ ತಿಳಿಯದು. ರಜೆ ಕೇಳಿದ್ದೇನೆ, ಸಿಕ್ಕಿಲ್ಲ. ಎಂಜಿನ್ನನ್ನು ಎಬ್ಬಿಸಿ ಓಡಿಸಿದ ಕೈ ಇದು, ಈಗ ಇದರಿಂದ ಏನೂ ಆಗುತ್ತಿಲ್ಲ.

ಪ್ರಸಾದು


ಚಿಕ್ಕಬಾಣಾವರ
೨೯ ಜನವರಿ ೧೯೮೫

ಪ್ರಸಾದು,

ಭಾನುವಾರ ಅಮ್ಮ ಮಧ್ಯಾಹ್ನ ಅಡುಗೆಮನೆಗೆ ಹೋಗಲಿಲ್ಲ. ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ನಾನು ಒಳಗೂ ಹೊರಗೂ ಓಡಾಡಿದೆ. ಸಂಜೆಯಾಯಿತು. ಒಂದು ಡೀಸೆಲ್ ಗೂಡ್ಸ್ ಹೋಯಿತು. ಚಿಕ್ಕಬೈರಪ್ಪ ಗೇಟು ಎತ್ತಿದ, ಲಾರಿಗಳು ಹೋದವು. ಕತ್ತಲು ಕವಿಯುವ ಹೊತ್ತಿಗೆ ಅಮ್ಮ ಕರೆದಳು.

"ಪಂಕಜಾ, ಇಲ್ಲಿ ಬಾ."

ಕೂಗು ಇಲ್ಲದೆಯೇ ನನ್ನ ಹೆಸರು ಕರೆದಳು. ಹೋಗಿ ಪಕ್ಕದಲ್ಲಿ ಕೂತೆ. ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನಿಮ್ಮಪ್ಪ ಇಲ್ಲ, ಅಲ್ವೇನೆ? ಅರಸೀಕೆರೆಯಿಂದ ಲಾರೀಲಿ ತಂದ್ರು. ಹನುಮಯ್ಯ ಕಾಲ ಹತ್ರ ಕೂತಿದ್ದ. ನಾನು ನೋಡಿದೀನಿ. ಅದು ಬರತ್ತೆ, ಹೋಗತ್ತೆ, ಕನಸೋ ನಿಜವೋ ತಿಳಿಯಲ್ಲ. ನೀನು ಹೇಳ್ಬಿಡು, ನಾನು ಅಳಲ್ಲ."

ಅವಳ ಕಣ್ಣು ನಿಚ್ಚಳವಾಗಿತ್ತು. ಅಳು ಇರಲಿಲ್ಲ. ಹೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದಳು. ಇಬ್ಬರೂ ಒಟ್ಟಿಗೆ ಕೂತು ಅಪ್ಪನ ಮಾತಾಡಬಹುದಿತ್ತು. ಈ ಒಂದು ವರ್ಷದಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ.

"ಏನು ಮಾತು ಅಂತ ಆಡ್ತೀಯಮ್ಮ? ಡಬಲ್ ಡ್ಯೂಟಿ ಬಿದ್ದಿದೆ, ಅಷ್ಟೇ," ಎಂದೆ.

ಯೋಚಿಸುವ ಮೊದಲೇ ಬಂದುಬಿಟ್ಟಿತು ಕಣೋ. ಆರು ತಿಂಗಳು ಅದನ್ನೇ ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು. ಅಮ್ಮ ನನ್ನ ಮುಖವನ್ನೇ ನೋಡಿದಳು. ಮಗಳು ಸುಳ್ಳು ಹೇಳುತ್ತಾಳೆಯೇ? ನಂಬಿದಳು. "ಬಿಡ್ತು, ಬಿಡ್ತು! ಎಂಥ ಮಾತು ಬಂತೇ ನನ್ನ ಬಾಯಲ್ಲಿ," ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ಒಳಗೆ ಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಬದುಕಿರುವ ಗಂಡನ ಬಗ್ಗೆ ಕೆಟ್ಟದ್ದು ನುಡಿದೆನೆಂದು ಎಷ್ಟೋ ಹೊತ್ತು ತಪ್ಪು ಒಪ್ಪಿಕೊಂಡಳು. ನಾನು ಬಾಗಿಲಲ್ಲಿ ನಿಂತು ಕೇಳಿದೆ.

ಸೋಮವಾರ ಬೆಳಗಾದ ಕೂಡಲೇ ನಿಜ ಹೇಳಲು ಹೋದೆ. ಹತ್ತಿರ ಕೂತು, ಕೈ ಹಿಡಿದು, ಅಮ್ಮಾ ಎಂದೆ. "ಏನು ರಾಮಕ್ಕಾ?" ಎಂದಳು.

ಪಂಕಜಾ